ಮೇಲ್ಮಹಡಿಯ ಲೈನು

ಸಂದರ್ಶನ ಅರ್ಧಕ್ಕೆ ನಿಂತಾಗ ಉತ್ತರ ಕಿರಿಸೊಸೆಯ ನಾಲಿಗೆಯ ತುದಿಯಲ್ಲೇ ಇತ್ತು. ಕಂಪ್ಯೂಟರಿನ ತೆರೆಯ ಮೇಲಿದ್ದ ಮೂವರಲ್ಲಿ ನಡುವಿನ ಹೆಂಗಸು, "ಹೊರಗಿನಿಂದ ಯಾರೋ ನಮ್ಮ ಯಂತ್ರದ ಬಾಗಿಲು ತಟ್ಟುತ್ತಲೇ ಇದ್ದಾರೆ ಅಂದುಕೊಳ್ಳಿ, ಮೊದಲು ಏನು ನೋಡ್ತೀರಿ?" ಎಂದು ಕೇಳಿ, ಕತ್ತು ಓರೆ ಮಾಡಿದವಳು ಹಾಗೇ ಕಲ್ಲಾಗಿಬಿಟ್ಟಳು. ಬಾಯಿ ಅರ್ಧ ತೆರೆದೇ ಇತ್ತು. ಆ ಮುಖದ ಮೇಲೆ ಒಂದು ಬಿಳಿ ಉಂಗುರ ಗಿರಗಿರ ತಿರುಗತೊಡಗಿತು. ಕಿರಿಸೊಸೆ ತನ್ನ ಉತ್ತರವನ್ನು ಆ ಕಲ್ಲುಮುಖಕ್ಕೇ ಒಪ್ಪಿಸಿದಳು, ಒಂದೂ ತಪ್ಪಿಲ್ಲದೆ. ಕೇಳುವವರು ಯಾರೂ ಇರಲಿಲ್ಲ.

ಮಾರನೇ ದಿನ ಕಂಪನಿಯಿಂದ ಸಂದೇಶ ಬಂತು. ಮನೆಯಿಂದಲೇ ಕೆಲಸ ಮಾಡುವ ಹುದ್ದೆ ಇದು, ನೆಚ್ಚಿಕೊಳ್ಳುವಂಥ ಇಂಟರ್ನೆಟ್ ಇಲ್ಲದವರನ್ನು ತೆಗೆದುಕೊಳ್ಳುವುದು ಕಷ್ಟ. ಆದರೂ ಈಗ ಓದುತ್ತಿರುವ ಪಾಠಗಳ ಪರೀಕ್ಷೆ ಪಾಸು ಮಾಡಿಕೊಂಡರೆ ಇನ್ನೊಂದೇ ಒಂದು ಸಲ ಕರೆಯುತ್ತೇವೆ, ಆಮೇಲೆ ಇಲ್ಲ.

ಅವಳಿಗೆ ಆ ಕೆಲಸ ಬೇಕೇ ಬೇಕಿತ್ತು. ಅವಳು ಇರುವುದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಕೌಂಟರಿನಲ್ಲಿ. ಬಂದ ಬಟ್ಟೆಗೆ ಚೀಟಿ ಚುಚ್ಚುವುದು, ಗಂಟು ಕಟ್ಟುವುದು, ಯಾರದು ಯಾರಿಗೆ ಹೋಗಬೇಕೋ ಅವರಿಗೆ ಕೊಡುವುದು. ಕೌಂಟರಿನ ಬೆನ್ನಿಗೇ ಉಗಿಯ ಯಂತ್ರಗಳು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಆ ಬಿಸಿ ಹಬೆ, ಬಟ್ಟೆ ತೊಳೆಯುವ ಆ ಔಷಧಿಯ ವಾಸನೆ ಕುಡಿದು ಕುಡಿದು ಎದೆಯಲ್ಲಿ ಸೀಟಿ ಊದಿದ ಸದ್ದು ಶುರುವಾಗಿತ್ತು. "ಆ ಅಂಗಡಿ ಬಿಟ್ಟುಬಿಡಮ್ಮ" ಎಂದಿದ್ದರು ಡಾಕ್ಟರು. ಬಿಟ್ಟು ಎಲ್ಲಿಗೆ ಹೋಗಬೇಕು ಎಂದು ಅವರು ಬರೆದುಕೊಡಲಿಲ್ಲ. ಅದನ್ನು ಅವಳೇ ಹುಡುಕಿಕೊಂಡಿದ್ದಳು. ಕಂಪನಿಗಳು ತಮ್ಮ ಕಂಪ್ಯೂಟರುಗಳನ್ನೆಲ್ಲ ದೂರದಲ್ಲೆಲ್ಲೋ ಬಾಡಿಗೆಗೆ ಇಟ್ಟು, ತಂತಿಯ ಮೇಲೇ ನಡೆಸುತ್ತವಂತೆ. ಅದಕ್ಕೆ ಕ್ಲೌಡ್ ಅನ್ನುತ್ತಾರಂತೆ. ಅದನ್ನು ಕಾಯುವವರು ಬೇಕಂತೆ. ನೆಟ್‌ವರ್ಕ್ ಹೇಗೆ ಹರಿಯುತ್ತದೆ, ಎಲ್ಲಿ ಬಾಗಿಲು, ಯಾವ ಬಾಗಿಲಿಗೆ ಯಾವ ಬೀಗ, ಇಷ್ಟು ಕಲಿತರೆ ಒಳಗೆ ಕಾಲಿಡಬಹುದಂತೆ.

ಮನೆ ಅತ್ತೆಯದು. ಕೆಳಗೆ ಅತ್ತೆ, ದೊಡ್ಡ ಮಗ, ದೊಡ್ಡ ಸೊಸೆ. ಮೇಲೆ ಎರಡು ಕೋಣೆಗಳಲ್ಲಿ ಚಿಕ್ಕ ಮಗ, ಕಿರಿಸೊಸೆ, ಅವರ ಮಗಳು. ಅಡುಗೆಮನೆ ಮಾತ್ರ ಕೆಳಗೆ ಒಂದೇ. ಚಿಕ್ಕ ಮಗ ಸಿಟಿ ಬಸ್ಸಿನ ಡ್ರೈವರು. ದೊಡ್ಡ ಮಗ, ಅಂದರೆ ಅವಳ ಭಾವ, ವಿಮೆ ಕಂಪನಿಯಲ್ಲಿ ಅಧಿಕಾರಿ. ಹೆಚ್ಚಿನ ದಿನ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಮೀಟಿಂಗ್ ಮಾಡುವವನು. ಇಂಟರ್ನೆಟ್ ಪೆಟ್ಟಿಗೆ ಅವನ ಕೋಣೆಯ ಕಪಾಟಿನ ಮೇಲೆ ಇತ್ತು. ದುಡ್ಡು ಎರಡೂ ಸಂಸಾರದ್ದು, ಪೆಟ್ಟಿಗೆ ಅವನದು.

ಆ ದಿನ ಊಟಕ್ಕೆ ಕೂತಾಗ ಅವನೇ ಎತ್ತಿದ.

"ಏನು ಮೋಡದಮ್ಮ, ಮೋಡ ಚದುರಿಹೋಯ್ತಂತೆ?"

ಕ್ಲೌಡ್ ಅನ್ನುವ ಮಾತು ಕಿವಿಗೆ ಬಿದ್ದ ದಿನದಿಂದ ಅವಳಿಗೆ ಅವನಿಟ್ಟ ಹೆಸರು ಅದು.

"ಲೈನ್ ನಿಂತೋಯ್ತು ಭಾವ. ಸರಿಯಾಗಿ ನಾಲ್ಕು ಹೊಡೆದ ಮೇಲೆ."

"ಎಷ್ಟು ಸಲ ಹೇಳಿದೀನಿ, ಗೋಡೆ ದಪ್ಪ. ಅಪ್ಪ ಕಟ್ಟಿಸಿದ ಗೋಡೆ. ಸಿಗ್ನಲ್ಲಿಗೇನು ಕಾಲಿದೆಯಾ ಮೆಟ್ಟಿಲು ಹತ್ತೋಕೆ?" ಅನ್ನಕ್ಕೆ ಮೊಸರು ಸುರಿದುಕೊಂಡ. "ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ? ಚೀಟಿ ಚುಚ್ಚೋ ಕೆಲಸ ಚೆನ್ನಾಗೇ ಇದೆಯಲ್ಲ, ತಲೆ ಬಿಸಿ ಇಲ್ಲ."

"ಬೆನ್ನು ಬಿಸಿ ಇದೆ" ಎಂದಳು ಅವಳು.

ವಾರಗಿತ್ತಿ ಕಿಸಕ್ಕನೆ ನಕ್ಕು, ಗಂಡನ ಮುಖ ನೋಡಿ ನೀರು ಕುಡಿದಳು. ಅತ್ತೆ ಮಾತ್ರ, "ಕೂತಲ್ಲೇ ಜಗಳ ಬೇಡ, ಬೇಳೆ ಆರೋಗುತ್ತೆ" ಎಂದರು.

*

ಪಾಠಗಳು ವಿಡಿಯೋದಲ್ಲಿ. ಅಂಗಡಿಯಿಂದ ಬಂದು, ಪಾತ್ರೆ ಬೆಳಗಿ, ಮಗಳಿಗೆ ಬ್ರೆಡ್ಡು ಕಾಯಿಸಿಕೊಟ್ಟು ಅವಳು ಕೂರುತ್ತಿದ್ದಳು. ಪಾಠ ಹೇಳುವ ಮೇಷ್ಟ್ರು ನಿಧಾನಸ್ಥ. ಒಂದೇ ಮಾತನ್ನು ವಾರದಿಂದ ಅರೆಯುತ್ತಿದ್ದ: "ಯಾರಿಗೆ ಎಷ್ಟು ಬೇಕೋ ಅಷ್ಟೇ ಬಾಗಿಲು ತೆರೀರಿ. ಮನೆಗೆ ಬಂದ ಅತಿಥಿ ಮುಂದಿನ ಕೋಣೆಯಲ್ಲಿ ಕೂರಲಿ, ಉಗ್ರಾಣದ ಬೀಗದ ಕೈ ಅವನಿಗೇಕೆ?" ಆಮೇಲೆ ಮನೆಗೆಲಸ ಕೊಟ್ಟ. ನಿಮ್ಮ ಮನೆಯ ನೆಟ್‌ವರ್ಕಿನಲ್ಲಿ ಯಾವ ಯಾವ ಯಂತ್ರ ಇದೆ, ನಿಮ್ಮ ಕಂಪ್ಯೂಟರಿನಿಂದ ಯಾವುದು ಕಾಣುತ್ತದೆ, ಪಟ್ಟಿ ಮಾಡಿ.

ಅವಳ ಕಂಪ್ಯೂಟರಿಗೆ ಏನೂ ಕಾಣಲಿಲ್ಲ. ಗಂಡನ ಫೋನು ಕೈಗೆಟುಕುವ ದೂರದಲ್ಲಿತ್ತು, ಅದೂ ಕಾಣಲಿಲ್ಲ. ಕೆಳಗಿನ ಪ್ರಿಂಟರು ಕಾಣಲಿಲ್ಲ. ಅದು ಮೇಲಿನವರಿಗೆ ಯಾವತ್ತೂ ಒಲಿದದ್ದೇ ಇಲ್ಲ. "ಹಳೇದು, ಹತ್ತಿರ ಇದ್ದರೆ ಮಾತ್ರ ಕೆಲಸ ಮಾಡುತ್ತೆ" ಎಂದು ಭಾವ ಹೇಳಿದ್ದ. ಮಗಳ ಶಾಲೆಯ ಹಾಳೆಗಳನ್ನು ಅಂಗಡಿಯ ಪಕ್ಕದಲ್ಲಿ ದುಡ್ಡು ಕೊಟ್ಟು ಮುದ್ರಿಸಿಕೊಂಡು ಬರುತ್ತಿದ್ದರು. ಅವಳು ವಿಡಿಯೋ ಹಿಂದಕ್ಕೆ ಓಡಿಸಿದಳು. "ಏನೂ ಕಾಣದಿದ್ದರೆ" ಎನ್ನುತ್ತಿದ್ದ ಮೇಷ್ಟ್ರು, "ನೀವು ಅತಿಥಿ ಲೈನಿನಲ್ಲಿ ಇದ್ದೀರಿ ಅಂತ ಅರ್ಥ. ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ ಹೀಗೆ ಇಡುತ್ತಾರೆ."

ಹೋಟೆಲಿನಲ್ಲಿ. ಆಸ್ಪತ್ರೆಯಲ್ಲಿ. ಅವಳು ಎದ್ದು ಒಂದು ಲೋಟ ನೀರು ಕುಡಿದಳು.

ಎರಡು ವರ್ಷದ ಹಿಂದೆ ಪೆಟ್ಟಿಗೆ ಕೂರಿಸಿದಾಗ ಭಾವ ಎಷ್ಟು ಪ್ರೀತಿಯಿಂದ ಹೇಳಿದ್ದ! "ನಿಮಗೇ ಅಂತ ಬೇರೆ ಹೆಸರು ಹಾಕಿಸಿದೀನಿ ನೋಡು, ಮೇಲ್ಮನೆ ಅಂತ. ನಮ್ಮದು ಕೆಳಮನೆ. ಒಬ್ಬರಿಗೊಬ್ಬರು ತೊಂದರೆ ಇಲ್ಲ."

ಮಾರನೇ ಮಧ್ಯಾಹ್ನ ಭಾವ ಕಚೇರಿಗೆ ಹೋಗಿದ್ದ. ಅವಳು ಧೂಳು ಒರೆಸುವ ಬಟ್ಟೆ ಹಿಡಿದು ಕೆಳಗಿಳಿದು, ಕಪಾಟಿನ ಮೇಲಿದ್ದ ಪೆಟ್ಟಿಗೆಯನ್ನು ಮಗುಚಿ ನೋಡಿದಳು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡು ಅಡಿಯಲ್ಲೇ ಅಂಟಿಸಿತ್ತು. ಅದನ್ನು ಬದಲಾಯಿಸದೆ ಬಿಡುವುದು ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಅದರಲ್ಲೇ ನೇತುಹಾಕಿದ ಹಾಗೆ ಎಂದು ಮೇಷ್ಟ್ರು ಮೊದಲನೇ ಪಾಠದಲ್ಲೇ ಹೇಳಿದ್ದ. ಭಾವ ನೇತುಹಾಕಿಯೇ ಇದ್ದ.

ಕಂಪ್ಯೂಟರಿಗೆ ತಂತಿ ಚುಚ್ಚಿ ಒಳಗೆ ಹೋದಳು. ಮೇಲ್ಮನೆ: ಅತಿಥಿ. ವೇಗ: ಕೆಳಮನೆಗೆ ಕೊಟ್ಟದ್ದರಲ್ಲಿ ಹತ್ತರಲ್ಲೊಂದು ಪಾಲು. ಮಧ್ಯಾಹ್ನ ನಾಲ್ಕರಿಂದ ಆರು: ಅದರಲ್ಲೂ ಅರ್ಧ. ನಾಲ್ಕಕ್ಕೆ ಭಾವನ ಮೀಟಿಂಗು. ನಾಲ್ಕಕ್ಕೆ ಅವಳ ಸಂದರ್ಶನ.

ಗೋಡೆ ದಪ್ಪವಂತೆ. ಎರಡು ವರ್ಷ ಆ ಬಡ ಗೋಡೆಯನ್ನು ಬೈದುಕೊಂಡಿದ್ದಳು.

*

"ಬಿಟ್ಟಾಕೇ" ಎಂದ ಗಂಡ, ಬೂಟು ಬಿಚ್ಚುತ್ತ. "ಅಣ್ಣ ಅಲ್ವಾ. ಅವನಿಗೆ ಆಫೀಸ್ ಕೆಲಸ ಇರುತ್ತೆ. ಕೇಳಿದ್ರೆ ಸರಿ ಮಾಡ್ತಾನೆ."

"ಕೇಳಬೇಕಾ? ನಮ್ಮ ದುಡ್ಡಿನ ಲೈನನ್ನ?"

"ಮತ್ತೇನು ಮಾಡ್ತೀಯಾ, ಜಗಳ ಆಡ್ತೀಯಾ?"

"ಜಗಳ ಆಡಲ್ಲ ರೀ. ಜಗಳ ಆಡಿದ್ರೆ ಒಂದು ದಿನಕ್ಕೆ ಮುಗಿದೋಗುತ್ತೆ."

ಗಂಡ ಅವಳ ಮುಖ ನೋಡಿದ. ಬಸ್ಸಿಗೆ ಅಡ್ಡ ಬಂದ ಕಾರಿನವನನ್ನು ನೋಡುವ ಹಾಗೆ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ನೋಡಿದ. ಆಮೇಲೆ, "ನನಗೆ ಏನೂ ಗೊತ್ತಿಲ್ಲಪ್ಪ" ಎಂದು ಸ್ನಾನಕ್ಕೆ ಹೋದ.

ಭಾವ ಮತ್ತೆ ಕಚೇರಿಗೆ ಹೋದ ದಿನ ಪೆಟ್ಟಿಗೆಗೆ ತಂತಿ ಚುಚ್ಚಿ ಅವಳು ಮಾಡಿದ್ದು ಬಹಳ ಸಣ್ಣ ಕೆಲಸ. ಮೇಲ್ಮನೆಯ ಕಟ್ಟು ಬಿಚ್ಚಿದಳು. ಕೆಳಮನೆಯ ಪಟ್ಟಿ ತೆರೆದಳು. ಭಾವನ ಹೆಸರಿನಲ್ಲಿ ಮೂರು ಯಂತ್ರ ಇದ್ದವು: ಒಂದು ಲ್ಯಾಪ್‌ಟಾಪು, ಎರಡು ಫೋನು. ಕಚೇರಿಯ ಫೋನು ಬೇರೆ, ಮನೆಯ ಫೋನು ಬೇರೆ ಎಂದು ಅವನು ಎರಡನ್ನೂ ಊಟದ ಮೇಜಿನ ಮೇಲೆ ಜೋಡಿಸಿಕೊಂಡೇ ಕೂರುವವನು. ಮೂರಕ್ಕೂ ಅದೇ ಪಾಲು ಕೊಟ್ಟಳು, ತನಗೆ ಅವನು ಕೊಟ್ಟದ್ದು. ನಾಲ್ಕರಿಂದ ಆರು ಅದರಲ್ಲಿ ಅರ್ಧ. ಕೂದಲೆಳೆಯಷ್ಟೂ ಕಡಿಮೆ ಇಲ್ಲ, ಹೆಚ್ಚಿಲ್ಲ. ವಾರಗಿತ್ತಿಯ ಫೋನು ಮುಟ್ಟಲಿಲ್ಲ. ಅವಳ ಮೇಲೆ ಏನು ಸಿಟ್ಟು?

ಪಾಸ್‌ವರ್ಡನ್ನೂ ಬದಲಾಯಿಸಲಿಲ್ಲ. ಬದಲಾಯಿಸಿದ್ದರೆ ಯಾರೋ ಒಳಗೆ ಹೋಗಿದ್ದರೆಂದು ಗೊತ್ತಾಗುತ್ತಿತ್ತು.

*

ಮೊದಲ ವಾರ ಭಾವ ಇಂಟರ್ನೆಟ್ ಕಂಪನಿಯವರ ಜತೆ ಜಗಳವಾಡಿದ. "ಹಲೋ? ನಾನು ಮಾತಾಡ್ತಿರೋದು ಕೇಳಿಸ್ತಿದೆಯಾ? ನಿಮಗೆ ಕೇಳಿಸ್ತಿದೆ, ನನ್ನ ಮೀಟಿಂಗಿನವರಿಗೆ ಕೇಳಿಸ್ತಿಲ್ಲ ಕಣ್ರೀ!" ಕಂಪನಿಯವರು ತಮ್ಮ ಕಡೆಯಿಂದ ಲೈನು ಹೂವಿನ ಹಾಗಿದೆ ಎಂದರು. ಎರಡನೇ ವಾರ ಮೇಜು ಎತ್ತಿಕೊಂಡು ಮನೆಯೆಲ್ಲ ಸುತ್ತಿದ. ಕಿಟಕಿಯ ಹತ್ತಿರ, ಊಟದ ಮನೆಯಲ್ಲಿ, ಕೊನೆಗೆ ಅಡುಗೆಮನೆಯಲ್ಲಿ, ಈರುಳ್ಳಿ ಹೆಚ್ಚುತ್ತಿದ್ದ ಹೆಂಡತಿಯ ಪಕ್ಕ.

"ಇಲ್ಲಿಂದ ಏಳ್ರೀ, ಒಗ್ಗರಣೆ ಹಾಕಬೇಕು" ಎಂದಳು ವಾರಗಿತ್ತಿ.

"ಶ್! ಆಫೀಸಿನ ದೊಡ್ಡವರು ಲೈನಲ್ಲಿದಾರೆ."

"ಎಲ್ಲಿದಾರೆ? ಆಗಿಂದ ಕಣ್ಣು ಮುಚ್ಚಿಕೊಂಡೇ ಇದಾರೆ ಅವರು."

ತೆರೆಯ ಮೇಲಿನ ದೊಡ್ಡವರು ನಿಜಕ್ಕೂ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಕಲ್ಲಾಗಿದ್ದರು. ಕಿರಿಸೊಸೆ ಬಾಗಿಲಲ್ಲಿ ಆಲೂಗಡ್ಡೆಯ ಬುಟ್ಟಿ ಹಿಡಿದು ನಿಂತು, ನೋಡಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಹೊಟ್ಟೆ ತಣ್ಣಗಾಯಿತು.

"ಗೋಡೆ ದಪ್ಪ ಭಾವ" ಎಂದಳು. "ಮಾವನವರು ಕಟ್ಟಿಸಿದ್ದು."

"ಪೆಟ್ಟಿಗೆ ಇರೋ ಕೋಣೆಯಲ್ಲೇ ಕೂತರೂ ಇದೇ ಕಥೆ ಕಣೇ! ಯಾವ ಗೋಡೆ?"

"ಅದೇ ನನಗೂ ಆಶ್ಚರ್ಯ."

ಅವನು ಅವಳ ಮುಖವನ್ನು ದುರುಗುಟ್ಟಿ ನೋಡಿದ. ಅವಳು ಆಲೂಗಡ್ಡೆ ಸುಲಿಯಲು ಕೂತಳು. ಅಷ್ಟು ತೆಳುವಾಗಿ, ಅಷ್ಟು ಉದ್ದಕ್ಕೆ ಸಿಪ್ಪೆ ಅವಳು ಯಾವತ್ತೂ ಸುಲಿದಿರಲಿಲ್ಲ.

ಈ ನಡುವೆ ಪರೀಕ್ಷೆ ಬಂತು, ಪಾಸೂ ಆಯಿತು. ಕೆಳಗೆ ಯಾರಿಗೂ ಹೇಳಲಿಲ್ಲ. ಕಂಪನಿ ಎರಡನೇ ಸಂದರ್ಶನಕ್ಕೆ ದಿನ ಕೊಟ್ಟಿತು, ಮತ್ತೆ ನಾಲ್ಕು ಗಂಟೆಗೇ.

ಇದೆಲ್ಲದರ ಮಧ್ಯೆ ಅತ್ತೆ ಊಟ ಕಡಿಮೆ ಮಾಡಿದ್ದರು. ಅದು ಅವಳ ಕಣ್ಣಿಗೆ ಬಿದ್ದಿತ್ತು, ಆದರೆ ಬಿದ್ದದ್ದು ಅಷ್ಟೇ. ಅತ್ತೆಗೆ ಒಬ್ಬಳು ತಂಗಿ, ದೂರದ ಊರಲ್ಲಿ. ಕಿವಿ ಪೂರ್ತಿ ಹೋಗಿದೆ. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುವವರು. ಸಂಜೆ ಐದಕ್ಕೆ ಅತ್ತೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಮುಖಕ್ಕೆ ಬೆಳಕು ಬೀಳುವ ಹಾಗೆ ಕೂತು, ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಅಗಲಿಸಿ ಹೇಳುತ್ತಿದ್ದರು. ಇಬ್ಬರು ಮುದುಕಿಯರ ಆ ಮಾತು, ಅರ್ಧ ಸದ್ದು, ಅರ್ಧ ಮೌನ, ಗಂಟೆಗಟ್ಟಲೆ ನಡೆಯುತ್ತಿತ್ತು. ಈಗ ನಡೆಯುತ್ತಿರಲಿಲ್ಲ.

"ಯಾಕತ್ತೆ, ಚಿಕ್ಕತ್ತೆ ಜತೆ ಮಾತಾಡ್ಲಿಲ್ವಾ ಇವತ್ತು?" ಎಂದು ಒಮ್ಮೆ ಕೇಳಿದಳು, ಅನ್ನ ಬಸಿಯುತ್ತ.

"ಅವಳಿಗೆ ನಾನು ಬೇಡವಾಗಿದೀನಿ ಕಣೇ. ಮುಖ ಕಲ್ಲು ಮಾಡಿಕೊಂಡು ಕೂರ್ತಾಳೆ. ನಾನು ಹೇಳ್ತಾನೇ ಇರ್ತೀನಿ, ಅಲ್ಲಾಡಲ್ಲ. ಮೊನ್ನೆ ಅವಳ ಮಗನ ಕೈಲಿ ಹೇಳಿ ಕಳಿಸಿದಾಳೆ, ಮಾತಾಡೋಕೆ ಇಷ್ಟ ಇಲ್ಲದಿದ್ರೆ ಅಕ್ಕ ಫೋನ್ ಮಾಡೋದು ಯಾಕೆ, ಸುಮ್ಮನೆ ಗೊಂಬೆ ಥರ ಕೂರೋಕಾ ಅಂತ." ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ನಾನಾ ಗೊಂಬೆ? ಅವಳು ಗೊಂಬೆ. ಇನ್ನು ನಾನಾಗಿ ಮಾಡಲ್ಲ. ಸತ್ತರೂ ಮಾಡಲ್ಲ."

"ಅವರ ಕಡೆ ಲೈನ್ ಸರಿ ಇಲ್ಲವೇನೋ ಅತ್ತೆ."

"ಲೈನಂತೆ. ಎಲ್ಲದಕ್ಕೂ ಲೈನು ನಿಮಗೆ."

ಅವಳು ಅನ್ನದ ಪಾತ್ರೆ ಮುಚ್ಚಿ ಮೇಲೆ ಹೋದಳು. ಓದುವುದಿತ್ತು.

*

ಸಂದರ್ಶನದ ದಿನ ಅಂಗಡಿಗೆ ರಜೆ ಹಾಕಿದ್ದಳು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದರು, ಗಂಡನ ಪಾಳಿಯೂ ಮುಗಿದಿತ್ತು. ಆಗ ಬಂದ ಲೈನಿನವನು. ಕತ್ತಿಗೆ ದಾರದಲ್ಲಿ ಕನ್ನಡಕ ನೇತುಹಾಕಿಕೊಂಡ, ದಪ್ಪ ಮೈಯ, ಮೆಟ್ಟಿಲು ಕಂಡರೆ ನಿಟ್ಟುಸಿರು ಬಿಡುವ ಮನುಷ್ಯ. ಎರಡು ವರ್ಷದ ಹಿಂದೆ ಪೆಟ್ಟಿಗೆ ಕೂರಿಸಿದವನೂ ಅವನೇ.

"ಬಂದ್ಯಾ ಮಹರಾಯ! ಬಾ, ನೋಡು. ನಾಲ್ಕಕ್ಕೆ ನನಗೆ ಮೀಟಿಂಗಿದೆ, ಅಷ್ಟರಲ್ಲಿ ಸರಿಯಾಗಬೇಕು" ಎಂದು ಭಾವ ಕೈ ತೊಳೆಯದೆ ಎದ್ದ.

ಅವಳು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಗಂಡ ತಟ್ಟೆಯನ್ನೇ ನೋಡುತ್ತ ಕೂತ.

ಲೈನಿನವನು ಊಟದ ಮೇಜಿನ ಮೂಲೆಯಲ್ಲೇ ತನ್ನ ಕಂಪ್ಯೂಟರು ಬಿಚ್ಚಿ, ಕನ್ನಡಕ ಏರಿಸಿ, ಒಂದಷ್ಟು ಹೊತ್ತು ಹೂಂಗುಟ್ಟಿದ. ಆಮೇಲೆ ನಗತೊಡಗಿದ.

"ಏನು ಸಾರ್, ನೀವೇ ಅತಿಥಿ ಆಗಿಬಿಟ್ಟಿದೀರಲ್ಲ!"

"ಏನು ಹಾಗಂದ್ರೆ?"

"ಅವತ್ತು ನೀವೇ ಹೇಳಿ ಮಾಡಿಸಿದ್ರಲ್ಲ ಸಾರ್. ಮೇಲಿನವರಿಗೆ ಗೆಸ್ಟ್ ಇಡು, ಸ್ಪೀಡ್ ಕಮ್ಮಿ ಇಡು, ಸಂಜೆ ಇನ್ನೂ ಕಮ್ಮಿ ಇಡು, ಗೊತ್ತಾಗಬಾರದು ಅಂತ. ಈಗ ಅದೇ ಲೆಕ್ಕ ನಿಮಗೆ ಕೂತಿದೆ. ಅವರದು ಓಡ್ತಾ ಇದೆ."

ವಾರಗಿತ್ತಿ ಸಾರಿನ ಚಮಚ ಕೆಳಗಿಟ್ಟಳು.

"ಅರ್ಥ ಆಗೋ ಹಾಗೆ ಹೇಳಪ್ಪ" ಎಂದರು ಅತ್ತೆ.

"ಟ್ಯಾಂಕ್ ಒಂದೇ ಅಮ್ಮ, ನಲ್ಲಿ ಎರಡು. ನಿಮ್ಮ ದೊಡ್ಡ ಮಗ ಮೇಲಿನ ನಲ್ಲೀನ ಎರಡು ವರ್ಷದಿಂದ ಬಿಗಿ ತಿರುವಿ ಇಟ್ಟಿದ್ರು. ಮೂರು ವಾರದ ಹಿಂದೆ ಯಾರೋ ಅದನ್ನ ಬಿಟ್ಟು, ಇವರ ನಲ್ಲಿ ತಿರುವಿದಾರೆ."

"ಯಾರೋ ಅಂದ್ರೆ?" ಭಾವ ಅವಳ ಕಡೆ ತಿರುಗಿದ. ಮುಖ ಬೀಟ್‌ರೂಟಿನ ಹಾಗಾಗಿತ್ತು. "ಯಾರೋ ಏನು, ಇವಳೇ! ಮೋಡದಮ್ಮ! ಕಳ್ಳತನದಿಂದ ನನ್ನ ಕೋಣೆಗೆ ನುಗ್ಗಿ... ನನ್ನ ಮೂರು ವಾರದ ಮೀಟಿಂಗ್ ಮಣ್ಣುಪಾಲು ಮಾಡಿದ್ಯಲ್ಲೇ!"

"ನನ್ನ ಎರಡು ವರ್ಷ ನೀವು ಮಾಡಿದ್ರಲ್ಲ ಭಾವ" ಎಂದಳು ಅವಳು. ಈ ಮಾತನ್ನು ಆಲೂಗಡ್ಡೆ ಸುಲಿಯುತ್ತ, ಪಾತ್ರೆ ಬೆಳಗುತ್ತ ಎಷ್ಟೋ ಸಲ ಹೇಳಿ ಅಭ್ಯಾಸ ಮಾಡಿಕೊಂಡಿದ್ದಳು. "ನೀವು ಕೊಟ್ಟಿದ್ದಷ್ಟೇ ಕೊಟ್ಟಿದೀನಿ. ಅಳೆದು ನೋಡಿಕೊಳ್ಳಿ. ನನ್ನ ಕೆಲಸ ಹೋಗಿದ್ದು ಇದರಿಂದ. ನಾನು ಗೋಡೇನ ಬೈಕೊಂಡು ಕೂತಿದ್ದೆ, ನೀವು ಮೊಸರನ್ನ ತಿಂತಾ ನೋಡ್ತಿದ್ರಿ."

"ನನಗೂ ಹೇಳಲಿಲ್ಲ ನೀವು" ಎಂದಳು ವಾರಗಿತ್ತಿ ಗಂಡನಿಗೆ. "ಆ ಮಗು ಪಾಠದ ವಿಡಿಯೋ ನೋಡೋಕೆ ನನ್ನ ಫೋನ್ ಕೇಳಿಕೊಂಡು ಕೆಳಗೆ ಬರ್ತಿತ್ತಲ್ರೀ. ಥೂ."

"ಎಲ್ಲ ಸುಮ್ಮನಿರಿ" ಎಂದರು ಅತ್ತೆ. ಅವರು ತಮ್ಮ ಫೋನನ್ನು ಲೈನಿನವನ ಮುಂದೆ ತಳ್ಳಿದರು. "ಇದು ನನ್ನದು. ಇದರ ನಲ್ಲಿ ಹೇಗಿದೆ ನೋಡು."

ಅವನು ನೋಡಿದ. ಪಟ್ಟಿ ನೋಡಿದ. ತಲೆ ಕೆರೆದುಕೊಂಡ. "ಇದೂ ತಿರುವಿದೆ ಅಮ್ಮ. ಇದು ದೊಡ್ಡ ಮಗನ ಹೆಸರಲ್ಲೇ ಇದೆಯಲ್ಲ."

"ಅವನ ಹಳೇ ಫೋನೇ ಅದು. ಹೊಸದು ತಗೊಂಡಾಗ ನನಗೆ ಕೊಟ್ಟ. ಈ ಮನೇಲಿ ಎಲ್ಲ ಹಾಗೇ, ಅವನಿಗೆ ಹಳೇದಾಗಿದ್ದು ನನಗೆ, ನನಗೆ ಹಳೇದಾಗಿದ್ದು ಮೇಲಕ್ಕೆ."

ಕಿರಿಸೊಸೆ ಲೋಟ ಕೆಳಗಿಟ್ಟು ಆ ಫೋನನ್ನು ನೋಡಿದಳು. ಎರಡು ಫೋನು. ಒಂದೇ ಹೆಸರು. ಕಚೇರಿಯ ಫೋನಿಗೆ ಕಚೇರಿಯದೇ ಲೈನು ಇರುತ್ತದೆ, ಮನೆಯ ಪೆಟ್ಟಿಗೆಗೆ ಅದು ಬರುವುದೇ ಇಲ್ಲ ಎಂದು ಅವಳಿಗೆ ಗೊತ್ತಿರಬೇಕಿತ್ತು. ಅಂಗಡಿಯಲ್ಲಿ ಚೀಟಿ ನೋಡಿ ಬಟ್ಟೆ ಕೊಟ್ಟ ಹಾಗೆ, ಹೆಸರು ನೋಡಿ ಹೊಡೆದಿದ್ದಳು.

"ಅತ್ತೆ, ಅದು ಭಾವನದು ಅಂತ..."

"ಅಂದ್ರೆ ನನ್ನ ತಂಗಿ ಮುಖ ಕಲ್ಲು ಮಾಡಿಕೊಂಡಿರಲಿಲ್ಲ" ಎಂದರು ಅತ್ತೆ, ಅವಳ ಮಾತು ಕೇಳಿಸದವರ ಹಾಗೆ. "ನಾನೂ ಮಾಡಿಕೊಂಡಿರಲಿಲ್ಲ." ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು, ಲೈನಿನವನ ಪಕ್ಕ ಹೋಗಿ ನಿಂತರು. "ಎಲ್ಲರನ್ನೂ ಹೊರಗೆ ಹಾಕು."

"ಅಮ್ಮ?"

"ಮೇಲಿನವರು, ಕೆಳಗಿನವರು, ಎಲ್ಲ. ನನ್ನದೊಂದು ಬಿಡು. ಹೊಸ ಪಾಸ್‌ವರ್ಡ್ ಹಾಕು, ನಾನು ಹೇಳ್ತೀನಿ. ಕಿವಿ ಕೊಡು."

"ಅಮ್ಮ, ನಾಲ್ಕಕ್ಕೆ ನನ್ನ ಮೀಟಿಂಗ್!" ಎಂದ ಭಾವ.

"ಬಿಲ್ಲು ಕಟ್ಟೋದು ನೀವಿಬ್ಬರೂ ಇರಬಹುದು. ಗೋಡೆ ನನ್ನದು" ಎಂದರು ಅತ್ತೆ, ಮತ್ತು ಲೈನಿನವನ ದಪ್ಪ ಕಿವಿಗೆ ಬಗ್ಗಿದರು. ಅವನು ಬಾಯಿ ತುಂಬ ನಗುತ್ತ ಒತ್ತಿದ. ಇಂಥ ಮನೆ ಅವನಿಗೆ ದಿನಾ ಸಿಗುತ್ತಿರಲಿಲ್ಲ.

*

ಮೂರೂವರೆಗೆ ಅವಳು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಳು, ಎದೆಗೆ ಕಂಪ್ಯೂಟರು ಅವುಚಿಕೊಂಡಿದ್ದಳು. ಫೋನಿನ ಇಂಟರ್ನೆಟ್ಟು ಮನೆಯೊಳಗೆ ಉಸಿರಾಡುವುದೇ ಇಲ್ಲ, ಅದು ಅವಳಿಗೆ ಗೊತ್ತು.

"ಅತ್ತೆ, ಇವತ್ತು ನಾಲ್ಕಕ್ಕೆ ನನಗೆ ಮತ್ತೆ ಸಂದರ್ಶನ ಇದೆ. ಇದು ಹೋದರೆ ಇನ್ನು ಕರೆಯಲ್ಲ."

"ಹೂಂ."

"ಪಾಸ್‌ವರ್ಡ್ ಬೇಕಿತ್ತು."

"ಕೂತ್ಕೋ." ಅತ್ತೆ ಮಂಚದ ಮೇಲೆ ತಮ್ಮ ಪಕ್ಕ ಜಾಗ ತೋರಿಸಿ, ಸಕ್ಕರೆ ಡಬ್ಬಿಗೆ ಫೋನು ಒರಗಿಸಿದರು. "ಮೊದಲು ನನ್ನ ತಂಗಿಗೆ ಹೇಳು. ಮೂರು ವಾರ ಏನು ಮಾಡಿದೆ ಅಂತ. ನನ್ನ ಬಾಯಿಂದ ಹೇಳಿದರೆ ನಂಬಲ್ಲ ಅವಳು, ನೆಪ ಅಂದುಕೋತಾಳೆ."

ತೆರೆಯ ಮೇಲೆ ಚಿಕ್ಕತ್ತೆಯ ಮುಖ ಬಂತು. ಗಂಟು ಹಾಕಿದ ಹುಬ್ಬು, ಬಿಗಿದ ತುಟಿ. ಆದರೆ ಅಲ್ಲಾಡುತ್ತಿತ್ತು. ಅದನ್ನು ಕಂಡು ಅತ್ತೆ ಫೋನಿನ ಹತ್ತಿರಕ್ಕೆ ಸರಿದರು.

"ಚಿಕ್ಕತ್ತೆ, ತಪ್ಪು ನಂದು" ಎಂದು ಶುರು ಮಾಡಿದಳು ಅವಳು.

"ನಿಧಾನ" ಎಂದರು ಅತ್ತೆ. "ಬಾಯಿ ಅಗಲಿಸು. ಅವಳಿಗೆ ಕಾಣಬೇಕು."

ಹೇಳಿದಳು. ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದಳು. ಭಾವ ಏನು ಮಾಡಿದ, ತಾನೇನು ಮಾಡಿದೆ, ಫೋನು ಯಾರದೆಂದು ನೋಡದೆ ಹೇಗೆ ಹೊಡೆದೆ. ಸೇಡು ಎನ್ನುವ ಮಾತನ್ನು ಬಾಯಿ ಅಗಲಿಸಿ ಹೇಳುವಾಗ ಎಷ್ಟು ಸಣ್ಣದು ಅದು, ಎಷ್ಟು ಬೇಗ ಮುಗಿದುಹೋಗುತ್ತದೆ ಎನಿಸಿತು. ಚಿಕ್ಕತ್ತೆ ಮಧ್ಯೆ ಮಧ್ಯೆ "ಆಂ?" ಎನ್ನುತ್ತಿದ್ದರು. ಅವಳು ಮತ್ತೆ ಮೊದಲಿಂದ ಹೇಳಬೇಕಾಗುತ್ತಿತ್ತು. ಗೋಡೆಯ ಗಡಿಯಾರ ಕಾಯಲಿಲ್ಲ.

ಕೊನೆಗೆ ಚಿಕ್ಕತ್ತೆ, ಕಿವುಡರ ಆ ಎತ್ತರದ ದನಿಯಲ್ಲಿ, ಮುಂದಿನ ಕೋಣೆಯವರೆಗೂ ಕೇಳುವ ಹಾಗೆ ಕೂಗಿದರು: "ಅಕ್ಕಾ, ದೊಡ್ಡವನು ಸಣ್ಣವನಿದ್ದಾಗಲೂ ಹೀಗೇ! ತಮ್ಮನ ಹಾಲಿಗೆ ನೀರು ಹಾಕಿ, ತನ್ನ ಲೋಟ ತುಂಬಿಸ್ಕೋತಿದ್ದ! ನೀನು ನಂಬಲಿಲ್ಲ ನಾನು ಹೇಳಿದ್ರೆ! ಈ ಹುಡುಗಿ ಸರಿಯಾಗಿ ಮಾಡಿದಾಳೆ!"

ಅತ್ತೆ ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಅವರ ಕೈ ಮಾತ್ರ ಸೊಸೆಯ ಮೊಣಕೈಯನ್ನು ಗಟ್ಟಿಯಾಗಿ ಹಿಂಡಿತು, ನೋಯುವಷ್ಟು. "ಅವಳು ಹೇಳಿದ್ಲು ಅಂತ ಹಿಗ್ಗಬೇಡ. ನಾನಿನ್ನೂ ಮರೆತಿಲ್ಲ" ಎಂದರು. "ಕೊಡು ಇಲ್ಲಿ ಆ ಕಂಪ್ಯೂಟರ್ನ."

"ಹೇಳಿ ಅತ್ತೆ, ನಾನೇ ಒತ್ತಿಕೋತೀನಿ."

"ಯಾರಿಗೂ ಹೇಳಬಾರದು ಅಂತ ನಿನ್ನ ಮೇಷ್ಟ್ರೇ ದಿನಾ ಒದರ್ತಾನಲ್ಲ. ಮೆಟ್ಟಿಲವರೆಗೂ ಕೇಳುತ್ತೆ. ಆ ಕಡೆ ತಿರುಗು."

ಅವಳು ಗೋಡೆಯ ಕಡೆ ತಿರುಗಿ ನಿಂತಳು. ಬೆನ್ನ ಹಿಂದೆ ಅತ್ತೆಯ ಒಂಟಿ ಬೆರಳು ಅಕ್ಷರ ಹುಡುಕಿ ಹುಡುಕಿ ಕುಟ್ಟುತ್ತಿತ್ತು. ಟಕ್. ಬಹಳ ಹೊತ್ತು ಏನೂ ಇಲ್ಲ. ಟಕ್. "ಅಯ್ಯೋ, ಇದು ತಪ್ಪಾಯ್ತು." ಮತ್ತೆ ಮೊದಲಿಂದ. ನಾಲ್ಕಾಗಲು ಎರಡೇ ನಿಮಿಷವಿತ್ತು. ಅವಳು ತುಟಿ ಕಚ್ಚಿಕೊಂಡು ನಿಂತಳು, ತಿರುಗಲಿಲ್ಲ.

ಅದೇ ಮಂಚದ ಮೇಲೆ, ಅತ್ತೆಯ ಔಷಧಿ ಡಬ್ಬಿಗಳ ಪಕ್ಕ ಸಂದರ್ಶನ ನಡೆಯಿತು. ಮೂವರ ಮುಖಗಳೂ ಕೊನೆಯವರೆಗೆ ಅಲ್ಲಾಡುತ್ತಿದ್ದವು. ನಡುವಿನ ಹೆಂಗಸು ಕೇಳಿದಳು, "ಪಟ್ಟಿಯಲ್ಲಿ ಅನುಮಾನದ ಯಂತ್ರ ಒಂದು ಕಂಡಿತು ಅಂದುಕೊಳ್ಳಿ. ತಕ್ಷಣ ಕತ್ತರಿಸ್ತೀರಾ?"

"ಅಪಾಯ ಕಣ್ಣಿಗೆ ಕಾಣ್ತಿದ್ದರೆ ಕತ್ತರಿಸ್ತೀನಿ. ಇಲ್ಲದಿದ್ದರೆ ಮೊದಲು ಅದು ಯಾರ ಕೈಲಿದೆ ಅಂತ ವಿಚಾರಿಸ್ತೀನಿ ಮೇಡಂ. ಬರೀ ಹೆಸರು ನೋಡಿ ನಂಬಲ್ಲ."

"ಯಾಕೆ?"

"ಹೆಸರು ಒಬ್ಬರದಿರುತ್ತೆ, ಏಟು ಬೀಳೋದು ಇನ್ನೊಬ್ಬರಿಗೆ."

ಹೆಂಗಸು ಏನನ್ನೋ ಬರೆದುಕೊಂಡಳು.

*

ಕೆಲಸ ಸಿಕ್ಕಿತು. ತಿಂಗಳು ಮುಗಿಯುವುದರೊಳಗೆ ಅವಳು ಅಂಗಡಿ ಬಿಟ್ಟಳು. ಎದೆಯ ಸೀಟಿ ಒಮ್ಮೆಲೇ ಹೋಗಲಿಲ್ಲ, ಮೆಟ್ಟಿಲು ಹತ್ತುವಾಗ ಇನ್ನೂ ಊದುತ್ತದೆ. ಗಂಡ ಪಾಸ್‌ವರ್ಡು ಕೇಳಲು ಹೋದಾಗ ಅತ್ತೆ ಅವನಿಂದ ಒಂದು ವಾರ ಕಾಲು ಒತ್ತಿಸಿಕೊಂಡರಂತೆ. ವಾರಗಿತ್ತಿ ನಗುತ್ತಲೇ ಕೇಳಿ ಹಾಕಿಸಿಕೊಂಡಳು. ಮೊಮ್ಮಗಳಿಗೆ ಕೇಳದೆಯೇ ಸಿಕ್ಕಿತು.

ಭಾವ ಕೇಳಲಿಲ್ಲ.

"ನಾನು? ಆ ಮೋಡದಮ್ಮನ ಮುಂದೆ? ನನ್ನ ತಾಯಿ ಹತ್ತಿರ ಕೈ ಒಡ್ಡಿಕೊಂಡು?" ಎಂದು ಊಟದ ಮನೆಯಲ್ಲಿ ಗುಡುಗಿದ. ಬೇರೆ ಲೈನು ಹಾಕಿಸುತ್ತೇನೆ ಎಂದ. ಗೋಡೆಗೆ ತೂತು ಕೊರೆಯಬೇಕಿತ್ತು. ನನ್ನ ಗೋಡೆಗೆ ಕೈ ಹಚ್ಚಬೇಡ ಎಂದರು ಅತ್ತೆ. ಅಲ್ಲಿಗೆ ಅದು ಮುಗಿಯಿತು. ಅಂದಿನಿಂದ ನಾಲ್ಕಾಗುತ್ತಲೇ ಅವನು ಟೈ ಕಟ್ಟಿಕೊಂಡು, ಲ್ಯಾಪ್‌ಟಾಪು ಹಿಡಿದು ಬೀದಿಗೆ ಹೋಗಿ, ಕಾರಿನ ಮುಂದಿನ ಸೀಟಿನಲ್ಲಿ ಕೂತು, ಸ್ಟೀರಿಂಗಿಗೆ ಲ್ಯಾಪ್‌ಟಾಪು ಒರಗಿಸಿಕೊಂಡು ಫೋನಿನ ಸಿಗ್ನಲ್ಲಿನಲ್ಲಿ ಮೀಟಿಂಗು ಮಾಡತೊಡಗಿದ. ಬಿಸಿಲಿಗೆ ಗಾಜು ಇಳಿಸಿದರೆ ಬೀದಿಯ ಗಲಾಟೆ, ಏರಿಸಿದರೆ ಬೆವರು. ಎದುರು ಮನೆಯವರು ದಿನಾ ಕಿಟಕಿಯಿಂದ ನೋಡುತ್ತಿದ್ದರು.

ಒಂದು ಸಂಜೆ ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ ಅವಳನ್ನು ಕೇಳಿದರು, "ಮುಖ ಸೊರಗಿದೆ ಕಣೇ ಅವನದು. ಹಾಕಿಕೊಟ್ಟುಬಿಡಲಾ? ನೀನು ಒಂದು ಮಾತು ಹೇಳು. ನೀನು ಹೂಂ ಅಂದ್ರೆ ಅವನು ಕೇಳದಿದ್ರೂ ಕೊಡ್ತೀನಿ. ನಿನಗೆ ತಾನೇ ಮೊದಲು ಅನ್ಯಾಯ ಆಗಿದ್ದು."

ಅವಳು ಚಹಾ ಸೋಸುತ್ತಿದ್ದಳು. ನಾಲ್ಕು ಲೋಟ ಒಳಗಿನವರಿಗೆ, ಒಂದು ಹೊರಗೆ. ಆ ಒಂದನ್ನು ಎತ್ತಿಕೊಂಡು ಬೀದಿಗೆ ಹೋದಳು. ಕಾರಿನ ಗಾಜು ತಟ್ಟಿದಳು. ಭಾವ ಅದನ್ನು ಲೋಟ ಹಿಡಿಸುವಷ್ಟೇ ಇಳಿಸಿದ. ತೆರೆಯ ಮೇಲೆ ದೊಡ್ಡವರ ಮುಖ ಚೂರುಚೂರಾಗಿ ಬಂದು ಬಂದು ಹೋಗುತ್ತಿತ್ತು. ಭಾವನ ಕುತ್ತಿಗೆಯ ಪಟ್ಟಿ ಬೆವರಿಗೆ ಕಪ್ಪಾಗಿತ್ತು. ಅವನು ಲೋಟ ತೆಗೆದುಕೊಂಡು, ಒಂದು ಗಳಿಗೆ ಅವಳನ್ನೇ ನೋಡಿದ. ಬಾಯಿ ತೆರೆದ.

ಅವಳು ಕಾದಳು. ನಿಜವಾಗಿಯೂ ಕಾದಳು, ಲೋಟದ ಹಬೆ ಇಳಿಯುವವರೆಗೂ.

"ಸಕ್ಕರೆ ಕಮ್ಮಿ ಆಗಿದೆ" ಎಂದ ಅವನು, ಗಾಜು ಏರಿಸಿದ.

ಅವಳು ಒಳಗೆ ಬಂದು ಬಾಗಿಲು ಹಾಕಿದಳು. ಅತ್ತೆ ಬಟಾಣಿಯಿಂದ ತಲೆ ಎತ್ತಿ, "ಏನಂತೆ?" ಎಂದರು.

"ಅಲ್ಲೇ ಆರಾಮಾಗಿದಾರೆ ಅತ್ತೆ" ಎಂದು ಹೇಳಿ, ತನ್ನ ಲೋಟ ಹಿಡಿದು ಮೆಟ್ಟಿಲು ಹತ್ತಿದಳು. ಅವಳ ಪಾಳಿ ಶುರುವಾಗುವ ಹೊತ್ತಾಗಿತ್ತು.